ಜಿಪಿಎಸ್ ಹಾಕಿಸಿದರೆ ಡೀಸೆಲ್ ಉಳಿಯುತ್ತಾ?

ಪ್ರಶ್ನೆ: ಸರ್, ನಮ್ಮದು ರಾಣೆಬೆನ್ನೂರು. ಹತ್ತು ಚಕ್ರದ ಆರು ಲಾರಿ ಇವೆ. ಹೆಚ್ಚಾಗಿ ಮೆಕ್ಕೆಜೋಳ ಹೇರಿಕೊಂಡು ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಆಹಾರದ ಮಿಲ್‌ಗಳಿಗೆ ಹೋಗುತ್ತವೆ. ಬರುವಾಗ ಲೋಡು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಖಾಲಿ. ಮೊನ್ನೆ ನಮ್ಮ ದೊಡ್ಡ ಗಿರಾಕಿ ಕಂಪನಿಯವರು ಒಂದು ಫಾರಂ ಕಳಿಸಿದ್ದಾರೆ. ಟ್ರಿಪ್ಪಿಗೆ ಎಷ್ಟು ಕಾರ್ಬನ್ ಆಯಿತು ಅಂತ ಬರೆದು ಕೊಡಬೇಕಂತೆ, ಎಲ್ಲ ಗಾಡಿ ಎಲ್ಲಿದೆ ಅಂತ ಅವರಿಗೆ ಕಾಣಬೇಕಂತೆ. ಇದೇ ಹೊತ್ತಿಗೆ ಸಾಫ್ಟ್‌ವೇರ್ ಮಾರುವವರೊಬ್ಬರು ಬಂದು, ಜಿಪಿಎಸ್, ಡೀಸೆಲ್ ಸೆನ್ಸರ್, ಕ್ಯಾಮೆರಾ ಎಲ್ಲ ಹಾಕಿಸಿ, ಕಾಲು ಭಾಗ ಡೀಸೆಲ್ ಉಳಿಯುತ್ತದೆ ಅಂದರು. ಮಗ ಎಲೆಕ್ಟ್ರಿಕ್ ಲಾರಿ ತಗೊಳ್ಳೋಣ ಅಂತಾನೆ. ಡ್ರೈವರ್‌ಗಳಿಗೆ ಡ್ರೈವರೇ ಇಲ್ಲದ ಲಾರಿ ಬರುತ್ತಂತೆ ಎಂಬ ಭಯ. ಇದರಲ್ಲಿ ನಿಜ ಎಷ್ಟು? ಮೊದಲು ಏನು ಮಾಡಲಿ?

ಉತ್ತರ: ಸಾಗಿಸಿದ ಮಾಲಿನ ಲೆಕ್ಕದಲ್ಲಿ ನೋಡಿದರೆ ಕಾಲು ಭಾಗ ಏನು, ಅದಕ್ಕಿಂತ ಜಾಸ್ತಿಯೇ ಉಳಿಸಬಹುದು. ಆದರೆ ನಿಮ್ಮ ಡೀಸೆಲ್ ಪೋಲಾಗುತ್ತಿರುವುದು ಟ್ಯಾಂಕಿನ ಮುಚ್ಚಳದ ಹತ್ತಿರ ಅಲ್ಲ. ನೀವೇ ಪತ್ರದಲ್ಲಿ ಬರೆದಿದ್ದೀರಿ ನೋಡಿ, "ಇಲ್ಲದಿದ್ದರೆ ಖಾಲಿ" ಅಂತ. ಅಲ್ಲಿ.

ಒಂದು ಸಣ್ಣ ಲೆಕ್ಕ ಹಾಕೋಣ. ರಾಣೆಬೆನ್ನೂರಿನಿಂದ ನಾಮಕ್ಕಲ್ಲಿಗೆ ಸುಮಾರು 550 ಕಿ.ಮೀ. ಗಾಡಿಯಲ್ಲಿ 18 ಟನ್ ಜೋಳ. ಲೋಡಿನಲ್ಲಿ ಲೀಟರಿಗೆ 4, ಖಾಲಿಯಲ್ಲಿ ಐದೂವರೆ ಮೈಲೇಜ್ ಎಂದು ಹಿಡಿಯೋಣ. ನಿಮ್ಮ ಗಾಡಿಯದು ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಹೋಗುವಾಗ 137 ಲೀಟರ್ ಚಿಲ್ಲರೆ, ಖಾಲಿ ಬರುವಾಗ 100 ಲೀಟರ್. ಒಟ್ಟು 237. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ಟ್ರಿಪ್ಪಿಗೆ ಸುಮಾರು 636 ಕೆ.ಜಿ. ಕೆಲಸ ಆದದ್ದು ಎಷ್ಟು? 18 ಟನ್, 550 ಕಿ.ಮೀ., ಅಂದರೆ 9,900 ಟನ್-ಕಿಲೋಮೀಟರ್. ಒಂದು ಟನ್ ಮಾಲು ಒಂದು ಕಿಲೋಮೀಟರ್ ಸಾಗಿಸಲು 64 ಗ್ರಾಂ ಆಯಿತು.

ಈಗ ಡ್ರೈವರ್ ಬಹಳ ಚೆನ್ನಾಗಿ ಓಡಿಸಿ ನೂರಕ್ಕೆ 5 ಡೀಸೆಲ್ ಉಳಿಸಿದ ಎನ್ನಿ. 64 ಇದ್ದದ್ದು 61 ಆಗುತ್ತದೆ. ಒಳ್ಳೆಯದೇ. ಅದೇ ಗಾಡಿಗೆ ಬರುವಾಗಲೂ 18 ಟನ್ ಲೋಡು ಸಿಕ್ಕಿತು ಎನ್ನಿ. ಡೀಸೆಲ್ 275 ಲೀಟರಿಗೆ ಏರುತ್ತದೆ, ಆದರೆ ಕೆಲಸ ಎರಡು ಪಟ್ಟು. 64 ಗ್ರಾಂ ಸೀದಾ 37ಕ್ಕೆ ಇಳಿಯುತ್ತದೆ. ಪ್ರತಿ ಸಲ ಬೇಡ, ಎರಡು ಟ್ರಿಪ್ಪಿಗೆ ಒಂದು ಸಲ ರಿಟರ್ನ್ ಲೋಡು ಸಿಕ್ಕರೂ 46. ಯಾವ ಸೆನ್ಸರೂ ಇಷ್ಟು ಕೊಡಲಾರದು.

ಈ ಲೆಕ್ಕವನ್ನು ಮೊದಲೇ ಇಟ್ಟಿದ್ದಕ್ಕೆ ಕಾರಣ ಇದೆ. ಡಿಜಿಟಲ್ ಹೆಸರಿನಲ್ಲಿ ಏನೇ ಮಾರಲು ಬಂದರೂ ನೀವು ಕೇಳಬೇಕಾದದ್ದು ಎರಡೇ ಪ್ರಶ್ನೆ. ಇದರಿಂದ ಗಾಡಿ ಖಾಲಿ ಓಡುವುದು ಕಡಿಮೆ ಆಗುತ್ತಾ? ಗಾಡಿ ಸುಮ್ನೆ ನಿಲ್ಲುವುದು ಕಡಿಮೆ ಆಗುತ್ತಾ? ಎರಡಕ್ಕೂ ಇಲ್ಲ ಅಂದರೆ ಚಹಾ ಕೊಟ್ಟು ಕಳಿಸಿಬಿಡಿ.

ಇನ್ನು ಆ ಫಾರಂ. ಅದು ನಿಮ್ಮ ಗಿರಾಕಿಯ ಶೋಕಿ ಅಲ್ಲ. ಷೇರುಪೇಟೆಯ ದೊಡ್ಡ 1000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವರದಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಪರಿಸರ, ಕಾರ್ಮಿಕರು, ನೀರು, ಕರೆಂಟು ಎಲ್ಲದರ ಲೆಕ್ಕ ಅದರಲ್ಲಿ ಬರುತ್ತದೆ. ಸ್ವಂತ ಕಾರ್ಖಾನೆಯ ಹೊಗೆ ಬರೆದು ಮುಗಿಸಿದ ಕಂಪನಿಗಳು ಈಗ ಬಾಡಿಗೆ ಗಾಡಿಗಳ ಹೊಗೆಯ ಕಡೆ ತಿರುಗಿವೆ. ಅವರ ಭಾಷೆಯಲ್ಲಿ ಅದಕ್ಕೆ ಸ್ಕೋಪ್ 3 ಎನ್ನುತ್ತಾರೆ. ಹೊರದೇಶದ ಖರೀದಿದಾರರು ಇರುವ ಕಂಪನಿಯಾದರೆ ಒತ್ತಡ ಇನ್ನೂ ಜಾಸ್ತಿ. ನಿಮಗೆ ಬಂದದ್ದು ಆ ಸರಪಳಿಯ ಕೊನೆಯ ಕೊಂಡಿ. ಮುಂದಿನ ವರ್ಷ ಇನ್ನೊಬ್ಬ ಗಿರಾಕಿಯೂ ಕೇಳುತ್ತಾರೆ, ಕಾದು ನೋಡಿ.

ಇದಕ್ಕೆ ಸಾಫ್ಟ್‌ವೇರ್ ಬೇಕೇ ಬೇಕು ಅಂತೇನಿಲ್ಲ. ಒಂದು ಟ್ರಿಪ್ಪಿಗೆ ಐದು ಅಂಕಿ ಬರೆದಿಟ್ಟರೆ ಸಾಕು: ಹಾಕಿಸಿದ ಲೀಟರ್, ಲೋಡಿನಲ್ಲಿ ಓಡಿದ ಕಿಲೋಮೀಟರ್, ಖಾಲಿ ಓಡಿದ ಕಿಲೋಮೀಟರ್, ಕಾಟಾ ಚೀಟಿಯ ತೂಕ, ನಿಂತ ಗಂಟೆ. ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ವರೆಗೆ ಅಳೆಯಿರಿ, ಇಲ್ಲದಿದ್ದರೆ ಲೀಟರ್ ಸುಳ್ಳು ಹೇಳುತ್ತದೆ. ಬಹಳ ಜನ ಖಾಲಿ ಓಡಿದ್ದನ್ನು ಬಿಟ್ಟು ಲೆಕ್ಕ ಕೊಡುತ್ತಾರೆ. ಹಾಗೆ ಮಾಡಬೇಡಿ. ಸಾಗಾಟದ ಕಾರ್ಬನ್ ಲೆಕ್ಕಕ್ಕೆ 2023ರಲ್ಲಿ ಐಎಸ್‌ಒ 14083 ಎಂಬ ಅಂತರರಾಷ್ಟ್ರೀಯ ನಿಯಮ ಬಂದಿದೆ. ಅದರ ಪ್ರಕಾರ ಖಾಲಿ ಓಡಾಟವನ್ನೂ ಸೇರಿಸಲೇಬೇಕು. ಇನ್ನೊಂದು ವಿಷಯ. 2.68 ಎಂಬುದು ಇಂಜಿನ್ನಿನಲ್ಲಿ ಉರಿದದ್ದರ ಲೆಕ್ಕ ಮಾತ್ರ. ಕಚ್ಚಾ ತೈಲ ತೆಗೆದು, ಸಂಸ್ಕರಿಸಿ, ಬಂಕಿಗೆ ತರುವವರೆಗಿನ ಹೊಗೆಯನ್ನೂ ಸೇರಿಸಿದರೆ ಲೀಟರಿಗೆ 3 ಕೆ.ಜಿ. ದಾಟುತ್ತದೆ. ಐಎಸ್‌ಒ ಕೇಳುವುದು ಈ ದೊಡ್ಡ ಅಂಕಿಯನ್ನು. ಕಂಪನಿಯವರಿಗೆ ಯಾವುದು ಬೇಕು ಅಂತ ಫೋನ್ ಮಾಡಿ ಕೇಳಿ. ಅರ್ಧ ಸಲ ಅವರಿಗೂ ಗೊತ್ತಿರುವುದಿಲ್ಲ, ಅದು ಬೇರೆ ಮಾತು. ಲೀಟರ್ ಕೊಟ್ಟರೆ ಗುಣಾಕಾರ ಅವರೇ ಮಾಡಿಕೊಳ್ಳಲಿ.

ಗಾಡಿ ಎಲ್ಲಿದೆ ಎಂದು ಕಾಣಿಸುವುದಕ್ಕೆ ಮೂರು ದಾರಿ ಇವೆ. ಮೊದಲನೆಯದು ನಿಮ್ಮ ಗಾಜಿನ ಮೇಲೆ ಈಗಾಗಲೇ ಅಂಟಿಕೊಂಡಿದೆ, ಫಾಸ್ಟ್ಯಾಗ್. 2021ರ ಫೆಬ್ರವರಿಯಲ್ಲಿ ಅದು ಕಡ್ಡಾಯವಾದ ಮೇಲೆ ಪ್ರತಿ ಟೋಲಿನಲ್ಲೂ ಗಾಡಿ ದಾಟಿದ ಹೊತ್ತು ದಾಖಲಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲಾಜಿಸ್ಟಿಕ್ಸ್ ನೀತಿ ತಂದಾಗ ಯುಲಿಪ್ ಎಂಬ ವೇದಿಕೆಯನ್ನೂ ತಂದಿತು. ಫಾಸ್ಟ್ಯಾಗ್, ಆರ್‌ಸಿ ಇರುವ ವಾಹನ್, ಡಿಎಲ್ ಇರುವ ಸಾರಥಿ, ರೈಲು, ಬಂದರು, ಹೀಗೆ ಬೇರೆ ಬೇರೆ ಇಲಾಖೆಗಳ ಮಾಹಿತಿಯನ್ನು ಒಂದೇ ಬಾಗಿಲಿನಿಂದ ಕೊಡುವ ವ್ಯವಸ್ಥೆ ಅದು. ಅದನ್ನು ಬಳಸುವ ಆ್ಯಪ್‌ಗಳು ನಿಮ್ಮ ಗಾಡಿ ಯಾವ ಟೋಲ್ ದಾಟಿತು ಎಂದು ಹೇಳುತ್ತವೆ, ಜಿಪಿಎಸ್ ಪೆಟ್ಟಿಗೆ ಇಲ್ಲದೆ. ರಾಷ್ಟ್ರೀಯ ಹೆದ್ದಾರಿ 48 ಮತ್ತು 44ರಲ್ಲಿ ಓಡುವ ನಿಮ್ಮಂಥವರಿಗೆ ಟೋಲುಗಳಿಗೇನು ಬರ, ಅಲ್ವಾ? ಎರಡನೆಯದು ಡ್ರೈವರ್ ಮೊಬೈಲಿನ ಸಿಮ್ ಹಿಡಿದು ಜಾಗ ನೋಡುವುದು. ಇದಕ್ಕೆ ಅವರ ಒಪ್ಪಿಗೆ ಬೇಕು, ಟ್ರಿಪ್ ಮುಗಿದ ಮೇಲೆ ನಿಲ್ಲಿಸಬೇಕು. ಮನೆಯಲ್ಲಿ ಮಲಗಿದವನನ್ನೂ ಹಿಂಬಾಲಿಸುವುದು ಮರ್ಯಾದೆ ಅಲ್ಲ. ಮೂರನೆಯದು ಜಿಪಿಎಸ್. ಗಿರಾಕಿ ಪಟ್ಟು ಹಿಡಿದರೆ ಹಾಕಿಸಿ, ಆದರೆ ಸಾದಾ ಜಿಪಿಎಸ್ ಸಾಕು. ಆರು ಗಾಡಿಗೂ ಒಂದೇ ಸಲ ಬೇಡ, ಎರಡಕ್ಕೆ ಹಾಕಿಸಿ ಮೂರು ತಿಂಗಳು ನೋಡಿ.

ಜಿಪಿಎಸ್‌ನ ನಿಜವಾದ ಲಾಭ ಯಾವುದು ಗೊತ್ತಾ? ಮಿಲ್ ಗೇಟಿನ ಹೊರಗೆ ಗಾಡಿ ಎಷ್ಟು ಗಂಟೆ ನಿಂತಿತ್ತು ಎಂಬುದಕ್ಕೆ ಸಾಕ್ಷಿ. ಸುಗ್ಗಿಯಲ್ಲಿ ಸಾಲು ಎಷ್ಟುದ್ದ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಗೇಟಿಗೆ ಹೋದರೆ ಸ್ಯಾಂಪಲ್ ತೆಗೆಯುವವರಿಲ್ಲ, ತೇವಾಂಶ ನೋಡುವವರು ಊಟಕ್ಕೆ ಹೋಗಿದ್ದಾರೆ, ಹಮಾಲರು ಇನ್ನೊಂದು ಗಾಡಿ ಇಳಿಸುತ್ತಿದ್ದಾರೆ. ಎರಡು ದಿನ ಹೋಯಿತು. ಹಾಲ್ಟಿಂಗ್, ಅಂದರೆ ಕಾದದ್ದಕ್ಕೆ ಹಣ, ಕೇಳಿದರೆ "ನಿಮ್ಮ ಗಾಡಿ ಬಂದದ್ದೇ ಇವತ್ತು" ಎನ್ನುತ್ತಾರೆ. ಗೇಟಿನ ಸುತ್ತ ಜಿಪಿಎಸ್‌ನ ನಕ್ಷೆಯಲ್ಲಿ ಒಂದು ಬೇಲಿ ಎಳೆದಿಟ್ಟರೆ, ಗಾಡಿ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ತಾನೇ ದಾಖಲಾಗುತ್ತದೆ. ಜಗಳ ಇಲ್ಲ. ಕಾರ್ಬನ್ ಫಾರಂ ಕಳಿಸಿದ ಕಂಪನಿಗೇ ಇದನ್ನು ತಿರುಗಿಸಿ ಕೇಳಿ: "ನಿಮಗೆ ಹೊಗೆ ಕಡಿಮೆ ಆಗಬೇಕಲ್ವಾ? ಹಾಗಾದರೆ ನಮ್ಮ ಗಾಡಿಗೆ ಇಳಿಸುವ ಹೊತ್ತು ಮುಂಚೆಯೇ ಗೊತ್ತು ಮಾಡಿಕೊಡಿ." ಇದನ್ನು ಸ್ಲಾಟ್ ಬುಕಿಂಗ್ ಎನ್ನುತ್ತಾರೆ. ಬಂದರುಗಳಲ್ಲಿ, ದೊಡ್ಡ ಗೋದಾಮುಗಳಲ್ಲಿ ಇದು ಹೊಸದೇನಲ್ಲ. ಮಿಲ್‌ಗೆ ದೊಡ್ಡ ಯಂತ್ರ ಬೇಡ, ಒಂದು ವಾಟ್ಸಾಪ್ ಗುಂಪು ಮತ್ತು ಮಾತು ಉಳಿಸಿಕೊಳ್ಳುವ ಒಬ್ಬ ಗುಮಾಸ್ತ ಸಾಕು.

ನಿಂತ ಗಾಡಿಯಲ್ಲಿ ಇಂಜಿನ್ ಓಡುತ್ತಿದ್ದರೆ ಗಂಟೆಗೆ ಎರಡು ಲೀಟರ್ ಆಸುಪಾಸು ಹೋಗುತ್ತದೆ, ಅದು ಒಂದು ನಷ್ಟ. ಅದಕ್ಕಿಂತ ದೊಡ್ಡದು ದಿನಗಳ ನಷ್ಟ. ಈಗ ಒಂದು ಸುತ್ತಿಗೆ ಐದು ದಿನ ಆಗುತ್ತಿದ್ದು, ಕಾಯುವ ಒಂದು ದಿನ ಉಳಿದರೆ, ತಿಂಗಳಿಗೆ 6 ಟ್ರಿಪ್ ಇದ್ದದ್ದು 7 ದಾಟುತ್ತದೆ. ಆರು ಗಾಡಿಯಲ್ಲಿ ಏಳನೆಯ ಗಾಡಿಯ ದುಡಿಮೆ ಬಂತು, ಸಾಲ ಮಾಡದೆ.

ಈಗ ಡೀಸೆಲ್ ಸೆನ್ಸರ್, ಅಂದರೆ ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂದು ಅಳೆದು ಕಳವು ಹಿಡಿಯುವ ಉಪಕರಣ. ಇದರ ಬಗ್ಗೆ ನನ್ನದೇ ಒಂದು ಕಥೆ ಇದೆ. ಕೆಲವು ವರ್ಷಗಳ ಹಿಂದೆ ಮಂಗಳೂರು ಮಾರ್ಗದ ಒಂದು ಸಾಗಾಟ ಕಂಪನಿಯಲ್ಲಿ ಈ ಕೆಲಸ ನನ್ನ ತಲೆ ಮೇಲಿತ್ತು. ಸೆನ್ಸರ್ ಹಾಕಿಸಿದ ವಾರದಲ್ಲೇ ಪರದೆ ತುಂಬ ಕೆಂಪು ಗೆರೆ. ಶಿರಾಡಿ ಘಾಟಿಯಲ್ಲಿ ಹದಿನೈದು ಲೀಟರ್ ಕಳವು, ಇಪ್ಪತ್ತು ಲೀಟರ್ ಕಳವು. ಒಬ್ಬ ಹಿರಿಯ ಡ್ರೈವರ್‌ನನ್ನು ಕರೆಸಿ ನಾನೇ ಬೈದೆ. ಆತ ಏನೂ ಮಾತಾಡಲಿಲ್ಲ, "ಒಂದು ಸಲ ನನ್ನ ಜೊತೆ ಬನ್ನಿ ಸರ್" ಅಂದ. ಹೋದೆ. ಗಾಡಿ ಇಳಿಜಾರಿಗೆ ವಾಲಿದಾಗ ಟ್ಯಾಂಕಿನ ಡೀಸೆಲ್ ಒಂದು ಕಡೆ ಸರಿಯುತ್ತಿತ್ತು, ಇನ್ನೊಂದು ಕಡೆ ಇದ್ದ ಸೆನ್ಸರ್ ಅದನ್ನು ಕಳವು ಎಂದು ಬರೆಯುತ್ತಿತ್ತು. ಸಮತಟ್ಟಿಗೆ ಬಂದಾಗ "ಡೀಸೆಲ್ ತುಂಬಿಸಲಾಗಿದೆ" ಎಂದೂ ಬರೆಯುತ್ತಿತ್ತು. ಅದನ್ನು ನಾವ್ಯಾರೂ ನೋಡಿರಲೇ ಇಲ್ಲ. ಆತನ ಹತ್ತಿರ ಕ್ಷಮೆ ಕೇಳಿದೆ. ಆದರೂ ಆತ ಮರುತಿಂಗಳು ಕೆಲಸ ಬಿಟ್ಟು ಹೋದ.

ಕಳವು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಹಿಡಿಯಲು ಟ್ಯಾಂಕ್ ಟು ಟ್ಯಾಂಕ್ ಲೆಕ್ಕ ಸಾಕಾಗುತ್ತದೆ. ಒಂದೇ ದಾರಿ, ಒಂದೇ ತೂಕ, ಆರು ಗಾಡಿ. ಒಂದು ಗಾಡಿಯ ಮೈಲೇಜ್ ಮಾತ್ರ ಮೂರು ತಿಂಗಳು ಸತತವಾಗಿ ಕಡಿಮೆ ಬಂದರೆ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿಯುವುದನ್ನು ನೋಡಿ. ಮನುಷ್ಯನ ಮೇಲೆ ಅನುಮಾನ ಕೊನೆಗೆ ಇರಲಿ.

ಚಾಲನೆಯ ವಿಷಯದಲ್ಲಿ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟ್ ಸಿಗುತ್ತದಲ್ಲ, ಅಲ್ಲಿ ಡೀಸೆಲ್ ಉಳಿಯಲಿ ಎಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಸುವವರು ಇದ್ದಾರೆ. ಹಳೆಯ ಕಾಲದ ನಂಬಿಕೆ ಅದು. ಈಗಿನ ಇಂಜಿನ್‌ಗಳಲ್ಲಿ ಡೀಸೆಲ್ ಬಿಡುವುದು ಕಂಪ್ಯೂಟರ್. ಗೇರಿನಲ್ಲಿದ್ದು ಕಾಲು ತೆಗೆದರೆ ಅದು ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ನಡೆಯಬೇಕಾದರೆ ಡೀಸೆಲ್ ಕುಡಿಯಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಉಳಿಯುವ ಬದಲು ಖರ್ಚಾಗುತ್ತದೆ, ಮೇಲಿಂದ ಬ್ರೇಕ್ ಕಾದು ಕೈಕೊಡುತ್ತದೆ. ಆ ಘಾಟಿನಲ್ಲಿ ಆಗಿರುವ ಅಪಘಾತಗಳು ಒಂದೆರಡಲ್ಲ. ನ್ಯೂಟ್ರಲ್ ಓಟ, ಏಕಾಏಕಿ ಬ್ರೇಕ್, ಅತಿ ವೇಗ ಇವನ್ನು ತೋರಿಸುವ ಉಪಕರಣ ಇದ್ದರೆ ಅದು ಜೀವ ಉಳಿಸುವ ಉಪಕರಣ. ಅದರ ವರದಿ ಹಿಡಿದು ದಂಡ ಹಾಕಬೇಡಿ, ಚೆನ್ನಾಗಿ ಓಡಿಸಿದವರಿಗೆ ಉಳಿದ ಡೀಸೆಲ್ಲಿನ ಹಣದಲ್ಲಿ ಪಾಲು ಕೊಡಿ. ದಂಡ ಹಾಕಿದ ಕಡೆಯೆಲ್ಲ ಜಿಪಿಎಸ್ ವೈರ್ "ಇಲಿ ಕಡಿದು" ಹೋಗುತ್ತದೆ.

ದಾರಿ ಹುಡುಕಿ ಕೊಡುವ ಸಾಫ್ಟ್‌ವೇರ್ ನಿಮಗೆ ಬೇಡ. ಅಮೆರಿಕದ ಯುಪಿಎಸ್ ಕೊರಿಯರ್ ಕಂಪನಿ ಅಂಥದ್ದರಿಂದ ವರ್ಷಕ್ಕೆ ಸುಮಾರು 10 ಕೋಟಿ ಮೈಲಿ ಓಡಾಟ ಉಳಿಸಿದ್ದಾಗಿ ಹೇಳುತ್ತದೆ. ನಿಜವೇ ಇರಬಹುದು. ಆದರೆ ಅವರ ಒಂದೊಂದು ಗಾಡಿ ದಿನಕ್ಕೆ ನೂರಕ್ಕೂ ಹೆಚ್ಚು ಮನೆ ಬಾಗಿಲು ಮುಟ್ಟುತ್ತದೆ. ನಿಮ್ಮದು ಎರಡು ಬಾಗಿಲು, ನಡುವೆ ಒಂದೇ ಹೆದ್ದಾರಿ.

ಹಾಗಾದರೆ ದುಡ್ಡು, ಹೊತ್ತು ಎಲ್ಲಿ ಹಾಕಬೇಕು? ರಿಟರ್ನ್ ಲೋಡಿಗೆ. ಸೇಲಂನಲ್ಲಿ ಸಾಬಕ್ಕಿ, ಉಕ್ಕು ಇದೆ. ಸಂಕಗಿರಿಯಲ್ಲಿ ಸಿಮೆಂಟ್ ಇದೆ. ನಾಮಕ್ಕಲ್‌ನಿಂದ ಇನ್ನೂ 40-50 ಕಿ.ಮೀ. ಕೆಳಗೆ ಹೋದರೆ ಕರೂರಿನಲ್ಲಿ ಬಟ್ಟೆ, ಹತ್ತಿರದಲ್ಲೇ ಕಾಗದದ ಕಾರ್ಖಾನೆ. ಮಾಲು ಇದೆ, ಆದರೆ ನಿಮ್ಮ ಗಾಡಿ ಯಾವಾಗ ಖಾಲಿ ಆಗುತ್ತದೆ ಎಂದು ಅಲ್ಲಿಯವರಿಗೆ ಗೊತ್ತಿಲ್ಲ. ಈಗ ನಡೆಯುವುದು ಹೇಗೆ? ಗಾಡಿ ಖಾಲಿಯಾದ ಮೇಲೆ ಡ್ರೈವರ್ ಫೋನ್ ಮಾಡುತ್ತಾನೆ, ಆಮೇಲೆ ನೀವು ಬ್ರೋಕರ್‌ಗೆ ಫೋನ್ ಮಾಡುತ್ತೀರಿ. ಅಷ್ಟರಲ್ಲಿ ಒಂದು ದಿನ ಹೋಗುತ್ತದೆ, ಬೇಸರ ಬಂದು "ಖಾಲಿ ಬಾ" ಎನ್ನುತ್ತೀರಿ. ಇದನ್ನು ತಲೆಕೆಳಗು ಮಾಡಿ. ಹೋಗುವಾಗ ಗಾಡಿ ಗಡಿಯ ಅತ್ತಿಬೆಲೆ ದಾಟುವ ಹೊತ್ತಿಗೇ ರಿಟರ್ನ್ ಲೋಡು ಹುಡುಕಲು ಶುರು ಮಾಡಿ. ನಾಮಕ್ಕಲ್ ಕಡೆ ಎರಡು ನಂಬಿಕಸ್ಥ ಟ್ರಾನ್ಸ್‌ಪೋರ್ಟ್ ಆಫೀಸು, ಜೊತೆಗೆ ಒಂದೆರಡು ಲೋಡ್ ಆ್ಯಪ್ ಇದ್ದರೆ ಸಾಕು. ಬೆಂಗಳೂರಿನಲ್ಲೇ 2015ರಲ್ಲಿ ಶುರುವಾದ ಬ್ಲ್ಯಾಕ್‌ಬಕ್‌ನಂಥ ಆ್ಯಪ್‌ಗಳಲ್ಲಿ ಗಾಡಿ, ಲೋಡು ಎರಡೂ ಹಾಕಬಹುದು. ಆ್ಯಪ್ ಬಂದರೆ ಬ್ರೋಕರ್ ಮಾಯವಾಗುತ್ತಾನೆ ಎಂದು ಹತ್ತು ವರ್ಷದ ಹಿಂದೆ ನಾವೆಲ್ಲ ಭಾಷಣ ಮಾಡಿದ್ದೆವು. ಆಗಲಿಲ್ಲ. ಅಡ್ವಾನ್ಸ್ ಕೊಡುವವನು, ಗಾಡಿ ಕೆಟ್ಟರೆ ಮೆಕ್ಯಾನಿಕ್ ಕಳಿಸುವವನು, ಬಾಕಿ ವಸೂಲಿಗೆ ನಿಲ್ಲುವವನು ಈಗಲೂ ಆತನೇ. ಆ್ಯಪ್‌ನಲ್ಲಿ ದರ ನೋಡಿ, ಗುರುತಿದ್ದವರ ಜೊತೆ ವ್ಯವಹಾರ ಮಾಡಿ.

ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೂ ಒಂದು ಲೆಕ್ಕ ಇಟ್ಟುಕೊಳ್ಳಿ. ಖಾಲಿ ಬಂದರೆ 100 ಲೀಟರ್, ಲೀಟರಿಗೆ 90 ರೂಪಾಯಿ ಎಂದರೆ 9,000, ಮೇಲೆ ಟೋಲ್. ನಿಮ್ಮ ಗಾಡಿಯ ಒಂದು ದಿನದ ಸಾಲದ ಕಂತು, ಡ್ರೈವರ್ ಬಾಟಾ, ಇನ್ಶೂರೆನ್ಸ್ ಸೇರಿ ಎಷ್ಟಾಗುತ್ತದೆ ನೋಡಿ. ಸುಗ್ಗಿಯಲ್ಲಿ ರಾಣೆಬೆನ್ನೂರಿನಲ್ಲಿ ಜೋಳ ಕಾಯುತ್ತಿರುವಾಗ ಅರ್ಧ ದಿನಕ್ಕಿಂತ ಹೆಚ್ಚು ಕಾಯಬೇಡಿ. ಬೇಸಿಗೆಯಲ್ಲಿ ಒಂದೂವರೆ ದಿನ ಕಾದರೂ ನಡೆಯುತ್ತದೆ.

ಎರಡು ಎಚ್ಚರಿಕೆ. ಬರುವಾಗ ಸಿಮೆಂಟ್, ಗೊಬ್ಬರ, ರಾಸಾಯನಿಕ ಹೇರಿದ ಗಾಡಿಯನ್ನು ತೊಳೆಯದೆ ಮತ್ತೆ ಜೋಳಕ್ಕೆ ಹಾಕಿದರೆ ಮಿಲ್‌ನವರು ಲೋಡೇ ವಾಪಸ್ ಕಳಿಸಬಹುದು, ತಪ್ಪೂ ಅವರದಲ್ಲ. ಮತ್ತೊಂದು, ಇ-ವೇ ಬಿಲ್, ಅಂದರೆ ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿಯ ಸಾಗಾಟ ಪತ್ರ. ಬಿಡಿ ಜೋಳಕ್ಕೆ ಜಿಎಸ್‌ಟಿ ಇಲ್ಲದ್ದರಿಂದ ಹೋಗುವಾಗ ಅದರ ತಲೆನೋವು ನಿಮಗೆ ಗೊತ್ತಿಲ್ಲ. ಬರುವಾಗಿನ ಸಿಮೆಂಟ್, ಕಾಗದಕ್ಕೆ 50,000 ರೂಪಾಯಿ ದಾಟಿದರೆ ಬಿಲ್ ಬೇಕು. 2021ರಿಂದ 200 ಕಿಲೋಮೀಟರಿಗೆ ಒಂದು ದಿನ ಎಂಬ ಲೆಕ್ಕ, 550ಕ್ಕೆ ಮೂರು ದಿನ. ಗಾಡಿ ಕೆಟ್ಟು ತಡವಾದರೆ ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಬೇಕು. ಗಾಡಿ ಬದಲಾದರೆ ಬಿಲ್ಲಿನ ಪಾರ್ಟ್-ಬಿ ಭಾಗದಲ್ಲಿ ಹೊಸ ಗಾಡಿಯ ನಂಬರ್ ಹಾಕಬೇಕು. ಮಗನಿಗೆ ಈ ಕೆಲಸ ಕೊಡಿ.

ರೈಲು ಹೊಗೆ ಲೆಕ್ಕದಲ್ಲಿ ಲಾರಿಗಿಂತ ಬಹಳ ಮುಂದಿದೆ, ಅದರಲ್ಲಿ ವಾದವೇ ಇಲ್ಲ. ಲಾರಿಯನ್ನೇ ರೈಲಿನ ಮೇಲೆ ಹತ್ತಿಸುವ ರೋರೋ ಸೇವೆಯನ್ನು ಕೊಂಕಣ ರೈಲ್ವೆ 1999ರಿಂದ ನಡೆಸಿದೆ. ನೆಲಮಂಗಲದಿಂದ ಸೊಲ್ಲಾಪುರದ ಬಾಳೆಗೆ ಅಂಥದ್ದೇ ರೈಲು 2020ರಲ್ಲಿ ಹೊರಟಿತು. ನಿಮ್ಮ ಮಾರ್ಗಕ್ಕೆ ಅವು ಒದಗುವುದಿಲ್ಲ, ಆದ್ದರಿಂದ ಇಲ್ಲಿಗೇ ಬಿಡೋಣ.

ಮಗನ ಎಲೆಕ್ಟ್ರಿಕ್ ಆಸೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಎಲೆಕ್ಟ್ರಿಕ್ ಟ್ರಕ್ಕಿಗೆ ಗರಿಷ್ಠ 9.6 ಲಕ್ಷ ರೂಪಾಯಿವರೆಗೆ ಸಹಾಯಧನದ ನಿಯಮ 2025ರಲ್ಲಿ ಬಂತು. ಅದಕ್ಕೆ ಹಳೆ ಲಾರಿ ಗುಜರಿಗೆ ಹಾಕಿದ ಪ್ರಮಾಣಪತ್ರ ಬೇಕು. ದುಡ್ಡಿನ ಮಾತು ಪಕ್ಕಕ್ಕಿಡಿ, ಹೊಗೆಯ ಲೆಕ್ಕ ನೋಡಿ. ನಿಮ್ಮ ಗಾತ್ರದ ಎಲೆಕ್ಟ್ರಿಕ್ ಲಾರಿ ಲೋಡಿನಲ್ಲಿ ಕಿಲೋಮೀಟರಿಗೆ ಒಂದು ಯೂನಿಟ್ ಆಸುಪಾಸು ಕರೆಂಟು ತಿನ್ನುತ್ತದೆ ಎಂದು ಹಿಡಿಯಿರಿ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಆಸುಪಾಸು ಕಾರ್ಬನ್ ಡೈಆಕ್ಸೈಡ್, ಕಲ್ಲಿದ್ದಲು ಜಾಸ್ತಿ ಇರುವುದರಿಂದ. ನಿಮ್ಮ ಡೀಸೆಲ್ ಗಾಡಿಯದು? 2.68ನ್ನು 4ರಿಂದ ಭಾಗಿಸಿ: 0.67. ಬಂಕಿಗೆ ಬರುವ ಮೊದಲಿನ ಹೊಗೆ ಸೇರಿಸಿದರೆ 0.8. ಅಂತರ ಅಷ್ಟೇ! ಸೋಲಾರ್ ಕರೆಂಟಿನಲ್ಲಿ ಚಾರ್ಜ್ ಮಾಡಿದರೆ ಮಾತು ಪೂರ್ತಿ ಬೇರೆ. ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್ ಇರುವ ರಾಜ್ಯ ನಮ್ಮದು, ಮುಂದೆ ಅಂಕಿ ಬದಲಾಗುತ್ತದೆ. ಊರಿನ ಗೋದಾಮಿನಿಂದ ನೂರು ಕಿಲೋಮೀಟರಿನೊಳಗೆ ದಿನಾ ಹೋಗಿ ರಾತ್ರಿ ವಾಪಸ್ ಬರುವ ಕೆಲಸ ಸಿಕ್ಕರೆ ಒಂದು ಸಣ್ಣ ಎಲೆಕ್ಟ್ರಿಕ್ ಗಾಡಿ ನೋಡಿ. 550 ಕಿ.ಮೀ. ನಾಮಕ್ಕಲ್ಲಿಗೆ ಈಗಲೇ ಬೇಡ.

ಡ್ರೈವರ್‌ಗಳ ಭಯಕ್ಕೆ ಉತ್ತರ. ಅಮೆರಿಕದಲ್ಲಿ ಅರೋರಾ ಎಂಬ ಕಂಪನಿ 2025ರಲ್ಲಿ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಡ್ರೈವರ್ ಇಲ್ಲದ ಲಾರಿಯಲ್ಲಿ ಮಾಲು ಸಾಗಿಸಿತು. ಕೆಲವೇ ವಾರಗಳಲ್ಲಿ ಲಾರಿ ತಯಾರಕರ ಕೋರಿಕೆಯ ಮೇಲೆ ಡ್ರೈವರ್ ಆಸನದಲ್ಲಿ ಮತ್ತೆ ಒಬ್ಬ ಮನುಷ್ಯನನ್ನು ಕೂರಿಸಿತು. ನಮ್ಮಲ್ಲಿ ಹೆದ್ದಾರಿ ಮೇಲೆ ಜೋಳ ಒಣಹಾಕುತ್ತಾರೆ, ರಾಂಗ್ ಸೈಡಿನಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಕೇಂದ್ರದ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಕೂಡ ಡ್ರೈವರ್ ಇಲ್ಲದ ವಾಹನಗಳಿಗೆ ತಾವು ವಿರೋಧ ಎಂದು ಹಲವು ಸಲ ಹೇಳಿದ್ದಾರೆ. ಯಂತ್ರಗಳು ಮೊದಲು ಬರುವುದು ಬೇಲಿಯೊಳಗೆ. ರಾಟರ್‌ಡ್ಯಾಮ್ ಬಂದರಿನಲ್ಲಿ 1993ರಲ್ಲೇ ಕಂಟೇನರ್ ಹೊರುವ ಗಾಡಿಗಳು ಡ್ರೈವರ್ ಇಲ್ಲದೆ ಓಡಿದವು. ಕೇರಳದ ವಿಳಿಂಜಂ ಬಂದರಿನಲ್ಲಿ ಕ್ರೇನ್‌ಗಳನ್ನು ದೂರದ ಕೋಣೆಯಲ್ಲಿ ಕೂತು ನಡೆಸುತ್ತಾರೆ. ನಿಮಗೆ ಬರಲಿರುವ ತೊಂದರೆ ಡ್ರೈವರ್ ಬೇಡವಾಗುವುದಲ್ಲ, ಡ್ರೈವರ್ ಸಿಗದಿರುವುದು. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಮುಂದಿನ ಗಾಡಿ ಕೊಳ್ಳುವಾಗ ಇದನ್ನು ನಿಮ್ಮವರಿಗೆ ಹೇಳಿ, ಖುಷಿಪಡುತ್ತಾರೆ.

ಕಡೆಗೆ ಫಾರಂಗೇ ಬರೋಣ. ಈ ತಿಂಗಳು ಎರಡು ಗಾಡಿಯ ಟ್ರಿಪ್ ಶೀಟಿನಲ್ಲಿ ಆ ಐದು ಅಂಕಿ ಬರೆಸಿ, ಅವನ್ನೇ ತುಂಬಿ ಕಳಿಸಿ. "ಎಲೆಕ್ಟ್ರಿಕ್ ವಾಹನಗಳ ಸಂಖ್ಯೆ" ಎಂಬ ಕಾಲಂ ಇದ್ದರೆ ಸೊನ್ನೆ ಹಾಕಿ, ಸಂಕೋಚ ಬೇಡ. "ಇತರ ಟಿಪ್ಪಣಿ" ಎಂಬ ಜಾಗ ಸಾಮಾನ್ಯವಾಗಿ ಖಾಲಿ ಹೋಗುತ್ತದೆ. ಅಲ್ಲಿ ನಿಮ್ಮ ಗಾಡಿಗಳು ಅವರ ಗೇಟಿನಲ್ಲಿ ಕಳೆದ ತಿಂಗಳು ಒಟ್ಟು ಎಷ್ಟು ಗಂಟೆ ನಿಂತಿದ್ದವು ಎಂದು ಬರೆಯಿರಿ.